ಜೋಳಿಗೆಗೆ ಹಾಕಬಾರದ ಗುಳಿಗೆ

ನಿದ್ದೆ ಗುಳಿಗೆಯ ಬಗ್ಗೆ ನಮ್ಮ ವಿಜಯಪುರ ಸೀಮೆಯಲ್ಲಿ ಒಂದೇ ತೀರ್ಪು ಚಾಲ್ತಿಯಲ್ಲಿದೆ. ಅದು ಚಟ. ಚಟವೆಂದ ಮೇಲೆ ಒಂದೇ ಏಟಿಗೆ ಬಿಡಬೇಕು. ಬಿಡಲಾಗದಿದ್ದರೆ ಮನಸ್ಸು ಗಟ್ಟಿ ಇಲ್ಲ ಎಂದರ್ಥ. ಇಂಡಿಯಲ್ಲಿ ಕೇಳಿ, ಸಿಂದಗಿಯಲ್ಲಿ ಕೇಳಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಕೇಳಿ, ಮಾತು ಬದಲಾಗುವುದಿಲ್ಲ. ಮನೆಯ ಹಿರಿಯರು ಹೇಳುತ್ತಾರೆ, ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ, ವರ್ಷಗಟ್ಟಲೆ ಅದೇ ಗುಳಿಗೆ ಮಾರಿದ ಔಷಧಿ ಅಂಗಡಿಯವರೂ ಹೇಳುತ್ತಾರೆ. ಕೆಲವು ಸಲ ಓದಿದ ಡಾಕ್ಟರರ ಬಾಯಲ್ಲೂ ಇದೇ ಮಾತು: "ಇನ್ನ ಮ್ಯಾಲ ಬಂದ್ ಮಾಡ್ರಿ." ಈ ತೀರ್ಪು ತಪ್ಪು. ಸಣ್ಣ ತಪ್ಪಲ್ಲ, ಜೀವಕ್ಕೇ ಎರವಾಗುವ ತಪ್ಪು.

ಮೊದಲು ಈ ಗುಳಿಗೆ ತಿನ್ನುವವರು ಯಾರೆಂದು ನೋಡಬೇಕು. ಊರಿನ ಕಣ್ಣಿಗೆ ಚಟಗಾರ ಎಂದರೆ ಬಸ್ ಸ್ಟ್ಯಾಂಡಿನ ಹಿಂದೆ ಕೂತ ಹುಡುಗ. ಆದರೆ ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್ ಹಾಳೆಗಳು ಸಿಗುವುದು ಆ ಹುಡುಗನ ಕಿಸೆಗಿಂತ ಹೆಚ್ಚಾಗಿ ಜಗುಲಿಯ ಮೇಲಿನ ಡಬ್ಬಿಯಲ್ಲಿ, ಬಿಪಿ ಮತ್ತು ಸಕ್ಕರೆ ಗುಳಿಗೆಗಳ ಜೊತೆಯಲ್ಲಿ. ಗಂಡ ತೀರಿಕೊಂಡ ಮೇಲೆ ನಿದ್ದೆ ಹತ್ತದ ತಾಯಿ. ಮಗ ಸೊಸೆ ಗೋವಾಕ್ಕೆ ಗುಳೆ ಹೋಗಿ, ಮೊಮ್ಮಕ್ಕಳನ್ನು ಸಾಕುತ್ತಾ ಉಳಿದ ಮುದುಕಿ. ಬೋರು ಬತ್ತಿ ಸಾಲದ ಕಂತು ಕಟ್ಟಲಾಗದ ರೈತ. "ಎದಿ ಡಬಡಬ ಹೊಡಕೋತದ, ಜೀವ ಹೋದಂಗ ಆಗ್ತದ" ಎಂದು ಆಸ್ಪತ್ರೆಗೆ ಹೋದಾಗ ಇಸಿಜಿ ಸರಿಯಿತ್ತು. ಡಾಕ್ಟರು ಹದಿನೈದು ದಿನಕ್ಕೆಂದು ಗುಳಿಗೆ ಬರೆದರು. ಅಂದು ರಾತ್ರಿ ನಿದ್ದೆ ಬಂತು. ಚೀಟಿ ಹಳತಾಯಿತು, ಗುಳಿಗೆ ನಿಲ್ಲಲಿಲ್ಲ. ಸಂತೆಗೆ ಹೋದವರ ಕೈಲಿ ಖಾಲಿ ಹಾಳೆ ಕೊಟ್ಟು "ಇಂಥಾದ್ದೇ ತಗೊಂಡ್ ಬಾ" ಎಂದು ಹೇಳಿ ಕಳಿಸುವುದು ರೂಢಿಯಾಯಿತು. ಹೀಗೆ ಐದಾರು ವರ್ಷ. ಇವರು ಅಮಲಿಗೆಂದು ತಿಂದವರಲ್ಲ. ಎಷ್ಟೋ ಜನ ಒಂದು ಗುಳಿಗೆಯನ್ನು ಎರಡು ಮಾಡಿಕೊಂಡವರೂ ಅಲ್ಲ. ಬರೆದುಕೊಟ್ಟಿದ್ದನ್ನು ಬರೆದುಕೊಟ್ಟಷ್ಟೇ ತಿಂದವರು. ಆದರೂ ಮೈ ಅದಕ್ಕೆ ಒಗ್ಗಿಹೋಗಿದೆ. ಇಂಥವರನ್ನು ಚಟಗಾರರೆಂದು ಕರೆಯುವುದು ಅನ್ಯಾಯ. ಚಟಗಾರರೆಂದು ಕರೆದು ಒಂದೇ ದಿನಕ್ಕೆ ಬಿಡಿಸಲು ಹೋಗುವುದು ಅಪಾಯ.

ಈ ಜಾತಿಯ ಮೊದಲ ಔಷಧ ಲಿಬ್ರಿಯಂ ಮಾರುಕಟ್ಟೆಗೆ ಬಂದದ್ದು 1960ರಲ್ಲಿ, ವ್ಯಾಲಿಯಂ 1963ರಲ್ಲಿ. ಎರಡೂ ರೋಷ್ ಕಂಪನಿಯ ಲಿಯೋ ಸ್ಟರ್ನ್‌ಬ್ಯಾಕ್ ಎಂಬ ರಸಾಯನಶಾಸ್ತ್ರಜ್ಞನ ಕೆಲಸ. ನಮ್ಮಲ್ಲಿ ರ‍್ಯಾನ್‌ಬ್ಯಾಕ್ಸಿ ಕಂಪನಿ 1969ರಲ್ಲಿ ವ್ಯಾಲಿಯಂನ ಔಷಧವನ್ನೇ, ಅಂದರೆ ಡಯಾಜೆಪಾಮನ್ನು, ಕಾಂಪೋಸ್ ಎಂಬ ಹೆಸರಿನಲ್ಲಿ ತಂದಿತು. ನಿದ್ದೆ ಗುಳಿಗೆ ಎಂದರೆ ಕಾಂಪೋಸ್ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಬಂದ ಹೊಸತರಲ್ಲಿ ಈ ಜಾತಿಯ ಔಷಧವನ್ನು ನಿರಪಾಯ ಎಂದೇ ಎಲ್ಲರೂ ನಂಬಿದರು. ಆದರೆ ಲಿಬ್ರಿಯಂ ಬಂದು ಒಂದೇ ವರ್ಷಕ್ಕೆ, 1961ರಲ್ಲಿ, ಅಮೆರಿಕದ ಹಾಲಿಸ್ಟರ್ ಎಂಬ ವೈದ್ಯರು ಮತ್ತು ಅವರ ಜೊತೆಯವರು ಒಂದು ಪರೀಕ್ಷೆಯ ವರದಿ ಪ್ರಕಟಿಸಿದರು. ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಈ ಔಷಧ ತಿಂದ 11 ರೋಗಿಗಳಿಗೆ, ಅವರಿಗೆ ಗೊತ್ತಾಗದಂತೆ, ಔಷಧವಿಲ್ಲದ ಪೊಳ್ಳು ಗುಳಿಗೆ ಕೊಟ್ಟರು. 10 ಜನರಿಗೆ ಹೊಸ ತೊಂದರೆಗಳು ಶುರುವಾದವು. ಇಬ್ಬರಿಗೆ ಫಿಟ್ಸ್ ಬಂತು. ಬಂದದ್ದು ಮರುದಿನವಲ್ಲ, ಏಳನೇ ಎಂಟನೇ ದಿನ.

"ಮೂರು ದಿನ ತಡಕೊಂಡ್ರ ಗೆದ್ದಂಗ" ಎನ್ನುವವರು ಈ ಏಳು ಎಂಟನ್ನು ನೆನಪಿಡಬೇಕು. ಅಲ್ಪ್ರಜೋಲಾಮ್, ಲೋರಾಜೆಪಾಮ್‌ನಂಥ ಬೇಗ ಇಳಿಯುವ ಗುಳಿಗೆ ಬಿಟ್ಟರೆ ಒಂದೆರಡು ದಿನದಲ್ಲೇ ತೊಂದರೆ ಏಳುತ್ತದೆ. ಡಯಾಜೆಪಾಮ್‌ನಂಥದ್ದು ಮೈಯಲ್ಲಿ ಬಹಳ ದಿನ ಉಳಿಯುತ್ತದೆ, ಹಾಗಾಗಿ ವಾರ ಕಳೆದ ಮೇಲೆ ಏಟು ಕೊಡಬಹುದು. ನಾಲ್ಕನೇ ದಿನ ನೆಟ್ಟಗಿದ್ದವರನ್ನು ನೋಡಿ ಮನೆಯವರು ನಿಶ್ಚಿಂತರಾಗುತ್ತಾರೆ. ಎಂಟನೇ ದಿನ ಹೊಲದಲ್ಲಿ ಬಿದ್ದಾಗ ಆ ಗುಳಿಗೆಗೂ ಈ ಬೀಳುವಿಕೆಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದೇ ಇಲ್ಲ.

ಹೀಗೇಕಾಗುತ್ತದೆ? ಮಿದುಳಿನ ಉದ್ರೇಕವನ್ನು ತಣಿಸಲು ಗಾಬಾ ಎಂಬ ರಾಸಾಯನಿಕವಿದೆ. ಈ ಗುಳಿಗೆಗಳು ಅದರ ಕೈ ಬಲಪಡಿಸುತ್ತವೆ. ದಿನವೂ ಹೊರಗಿನಿಂದ ಬಲ ಬರತೊಡಗಿದರೆ ಮಿದುಳು ತನ್ನದೇ ತಣಿಸುವ ಶಕ್ತಿಯನ್ನು ಕಡಿಮೆ ಮಾಡಿಕೊಳ್ಳುತ್ತದೆ, ಉದ್ರೇಕದ ಕಡೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಹಗ್ಗ ಜಗ್ಗುವ ಆಟದಲ್ಲಿ ಒಂದು ಕಡೆಯವರು ಇದ್ದಕ್ಕಿದ್ದಂತೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಮುಗ್ಗರಿಸಿ ಬೀಳುತ್ತಾರಲ್ಲ, ಗುಳಿಗೆ ಥಟ್ಟನೆ ನಿಂತಾಗ ಆಗುವುದು ಅದೇ. ನಿದ್ದೆ ಹಾರುತ್ತದೆ, ಕೈ ನಡುಗುತ್ತವೆ, ಬೆವರು ಕಿತ್ತು ಬರುತ್ತದೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕಿವಿಯಲ್ಲಿ ಗುಂಯ್ ಸದ್ದು, ಚರ್ಮದ ಮೇಲೆ ಇರುವೆ ಹರಿದಂತೆ. ಹೆಚ್ಚಾದರೆ ಇಲ್ಲದ್ದು ಕಾಣಿಸುತ್ತದೆ, ಫಿಟ್ಸ್ ಬರುತ್ತದೆ, ಸಾವೂ ಬರಬಹುದು. ಇದರಲ್ಲಿ ಮನಸ್ಸಿನ ಗಟ್ಟಿತನ ಎಲ್ಲಿ ಬಂತು? ಎಂಥ ಗಟ್ಟಿ ಮನಸ್ಸಿನವರೂ ತಮ್ಮ ಫಿಟ್ಸನ್ನು ಸಂಕಲ್ಪದಿಂದ ತಡೆಯಲಾರರು.

ಇದೆಲ್ಲ ದೂರದ ಅಮೆರಿಕದ ಕತೆ ಎನ್ನುವವರಿಗೆ ಹತ್ತಿರದ ಕತೆ ಹೇಳುತ್ತೇನೆ. ತೆಲಂಗಾಣದ ಹಳ್ಳಿಗಳಲ್ಲಿ ಸೇಂದಿಗೆ ಅಲ್ಪ್ರಜೋಲಾಮ್, ಡಯಾಜೆಪಾಮ್ ಬೆರೆಸಿ ಮಾರುವ ದಂಧೆ ಹಳೆಯದು. ನಮ್ಮ ರಾಯಚೂರು ಕಡೆಯ ಗಡಿಯ ಜನರಿಗೂ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್) ಬೆರೆಸಿದ ಸೇಂದಿ ಗೊತ್ತಿಲ್ಲದ್ದಲ್ಲ. 2015ರಲ್ಲಿ ತೆಲಂಗಾಣದ ಅಬಕಾರಿ ಇಲಾಖೆ ಕಲಬೆರಕೆಯ ಮೇಲೆ ಮುಗಿಬಿದ್ದಿತು. ಉದ್ದೇಶ ಒಳ್ಳೆಯದೇ. ಆದರೆ ಗುಳಿಗೆಯ ಪುಡಿ ಒಮ್ಮೆಲೇ ನಿಂತಿತು. ನಿಜಾಮಾಬಾದ್, ಮೆಹಬೂಬ್‌ನಗರ ಕಡೆಯ ಆಸ್ಪತ್ರೆಗಳು ತುಂಬಿಹೋದವು. ಫಿಟ್ಸ್ ಬಂದವರು, ಭ್ರಮೆ ಹಿಡಿದವರು, ತಮ್ಮಷ್ಟಕ್ಕೆ ತಾವೇ ಮಾತಾಡುವವರು ನೂರಾರು ಜನ. ಕೆಲವರು ಸತ್ತರು. ಆ ಕೂಲಿಕಾರರಲ್ಲಿ ಬಹಳಷ್ಟು ಮಂದಿಗೆ ತಾವು ಕುಡಿಯುತ್ತಿದ್ದುದರಲ್ಲಿ ಗುಳಿಗೆ ಇತ್ತೆಂಬುದೇ ಗೊತ್ತಿರಲಿಲ್ಲ. ಅಂದ ಮೇಲೆ ಅವರ ನರಳಾಟವನ್ನು ಮನಸ್ಸಿನ ದೌರ್ಬಲ್ಯ ಎನ್ನಲು ಬಾಯಿ ಹೇಗೆ ಬರುತ್ತದೆ? ಮೈ ಒಗ್ಗಿತ್ತು, ವಸ್ತು ನಿಂತಿತು, ಮೈ ಕುಸಿಯಿತು. ಅಷ್ಟೇ.

ಹಾಗಾದರೆ ನಮ್ಮ ಭಾಗದಲ್ಲಿ ಈ "ಒಂದೇ ಏಟಿನ" ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಲು ಕಾರಣವೇನು? ಕಾರಣ ಕೆಟ್ಟದ್ದಲ್ಲ, ಒಳ್ಳೆಯದು. ಅದಕ್ಕೇ ಅದರ ವಿರುದ್ಧ ಮಾತಾಡುವುದು ಕಷ್ಟ. ಬಾಗೇವಾಡಿ ತಾಲೂಕಿನ ಇಂಗಳೇಶ್ವರ ಬಸವಣ್ಣನ ತಾಯಿ ಮಾದಲಾಂಬಿಕೆಯ ತವರೂರು. ಬಸವಣ್ಣ ಹುಟ್ಟಿದ್ದೇ ಇಲ್ಲಿ ಎಂದು ನಂಬುವವರೂ ಇದ್ದಾರೆ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಮಂಟಪ ಕಟ್ಟಿದ ಊರು ಇದು. ಆಡಿದ ಮಾತಿಗೆ ಇಲ್ಲಿ ಬೆಲೆ ಇದೆ. ಮಠದಲ್ಲಿ ನಿಂತು "ಇವತ್ತಿಗೆ ಬಿಟ್ಟೆ" ಎಂದವನು ಊರಿಗೆಲ್ಲ ಸಾಲಗಾರ. ಅತ್ತ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಬೇಡಲಿಲ್ಲ, ರೊಕ್ಕ ಬೇಡಲಿಲ್ಲ, "ನಿಮ್ಮ ದುಶ್ಚಟ ಹಾಕ್ರಿ" ಎಂದು ಬೇಡಿದರು. ಆ ಜೋಳಿಗೆಗೆ ಬೀಡಿ, ತಂಬಾಕು, ಗುಟ್ಕಾ ಚೀಟಿ ಬಿದ್ದವು, ಎಷ್ಟೋ ಮನೆಗಳಲ್ಲಿ ಒಲೆ ಮತ್ತೆ ಹೊತ್ತಿತು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಯ ಬಗ್ಗೆ ನನಗೆ ಪೂರ್ಣ ಗೌರವವಿದೆ. ನನ್ನ ತಕರಾರು ಇಷ್ಟೇ: ಜೋಳಿಗೆಗೆ ಹಾಕಬಹುದಾದ್ದು ಬೇರೆ, ಹಾಕಬಾರದ್ದು ಬೇರೆ.

ತಂಬಾಕು ಒಂದೇ ದಿನಕ್ಕೆ ಬಿಟ್ಟರೆ ತಲೆ ಸಿಡಿಯಬಹುದು, ಸಿಟ್ಟು ಬರಬಹುದು, ಆದರೆ ಸಾವು ಬರುವುದಿಲ್ಲ. ಅಲ್ಲಿ ಸಂಕಲ್ಪವೇ ಮದ್ದು. ನಿದ್ದೆ ಗುಳಿಗೆ ಹಾಗಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರೂ ಹಾಗಲ್ಲ. ಮದ್ಯ ಕೂಡ ಮಿದುಳಿನ ಅದೇ ಬಾಗಿಲನ್ನು ಬಡಿಯುತ್ತದೆ, ಥಟ್ಟನೆ ನಿಂತಾಗ ಅದೇ ನಡುಕ, ಅದೇ ಭ್ರಮೆ, ಅದೇ ಫಿಟ್ಸ್. ಸಾರಾಯಿ ಬಿಟ್ಟು ನಾಲ್ಕನೇ ದಿನ ಬಡಬಡಿಸುತ್ತಾ ಗೋಡೆಯ ಮೇಲೆ ಹುಳ ಹೆಕ್ಕುವವರನ್ನು ಕಂಡ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಎಲ್ಲ ವ್ಯಸನವನ್ನೂ ಒಂದೇ ಚೀಲಕ್ಕೆ ತುಂಬುವ ನಮ್ಮ ಭಾಷಣಕಾರರು ಈ ವ್ಯತ್ಯಾಸ ಹೇಳುವುದಿಲ್ಲ. ವೇದಿಕೆಯ ಮೇಲೆ ಗಾಂಜಾ, ಗುಟ್ಕಾ, ನಿದ್ದೆ ಗುಳಿಗೆ ಎಂದು ಒಂದೇ ಉಸಿರಿನಲ್ಲಿ ಓದಿ, ಇಂದೇ ತ್ಯಜಿಸಿ ಎಂದು ಕರೆ ಕೊಟ್ಟು ಕೆಳಗಿಳಿಯುತ್ತಾರೆ. ಕೆಳಗೆ ಕೂತ ತಾಯಿ ಮನೆಗೆ ಹೋಗಿ ಗುಳಿಗೆಯ ಡಬ್ಬಿಯನ್ನು ತಿಪ್ಪೆಗೆ ಎಸೆದರೆ ಅದರ ಹೊಣೆ ಯಾರದು?

ಎದುರಿನವರದ್ದೂ ಒಂದು ವಾದವಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. "ಸಾವಕಾಶ ಬಿಡ್ತೀನಿ ಅನ್ನೋದು ಬಿಡದೇ ಇರಾಕ ನೆಪ" ಎನ್ನುತ್ತಾರೆ. ಕುಡುಕರ ನೂರು ಮಾತು ಕೇಳಿ ಸುಸ್ತಾದ ಜನ ಹಾಗೆನ್ನುವುದು ಸಹಜ. ಆದರೆ ಗುಳಿಗೆಯ ವಿಷಯದಲ್ಲಿ ಸಾಕ್ಷ್ಯ ಉಲ್ಟಾ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಪ್ರೊಫೆಸರ್ ಹೆದರ್ ಆಷ್ಟನ್ 1982ರಿಂದ 1994ರವರೆಗೆ ಇದೊಂದಕ್ಕೇ ಕ್ಲಿನಿಕ್ ನಡೆಸಿದರು. ಸುಮಾರು 300 ಜನ ಅಲ್ಲಿಗೆ ಬಂದರು. ಎಲ್ಲರಿಗೂ ಅವರ ಕಟ್ಟಳೆ ಒಂದೇ: ನಿಧಾನ, ಇನ್ನೂ ನಿಧಾನ, ಬಿಡುವ ವೇಗ ರೋಗಿಯ ಕೈಯಲ್ಲಿರಲಿ. ನೂರಕ್ಕೆ ತೊಂಬತ್ತರಷ್ಟು ಜನ ಬಿಟ್ಟು ಹೊರಬಂದರು ಎಂದು ಅವರು ಬರೆದಿದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವರ್ಷಗಟ್ಟಲೆ ಈ ಗುಳಿಗೆ ತಿನ್ನುತ್ತಿದ್ದ 303 ವೃದ್ಧರ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಹೊರಬಂತು. ಒಂದು ಗುಂಪಿಗೆ ಪುಟ್ಟ ಕಿರುಹೊತ್ತಿಗೆ ಕೊಟ್ಟರು. ಗುಳಿಗೆಯಿಂದ ಏನೇನು ತೊಂದರೆ ಎಂದು ಅದರಲ್ಲಿ ಬರೆದಿತ್ತು. ಜೊತೆಗೆ 21 ವಾರಗಳ ಚಿತ್ರ: ಇಡೀ ಗುಳಿಗೆ, ಅರ್ಧ ಗುಳಿಗೆ, ಕಾಲು ಗುಳಿಗೆ, ಯಾವ ದಿನ ಯಾವುದೆಂದು ಬರೆದ ಚಿತ್ರ. ಆರು ತಿಂಗಳ ನಂತರ ಆ ಗುಂಪಿನಲ್ಲಿ ನೂರಕ್ಕೆ 27 ಜನ ಪೂರ್ತಿ ಬಿಟ್ಟಿದ್ದರು. ಹೊತ್ತಿಗೆ ಸಿಗದವರಲ್ಲಿ ಬಿಟ್ಟವರು ನೂರಕ್ಕೆ 5. ಬೈಗುಳವಿಲ್ಲ, ಆಣೆಯಿಲ್ಲ, ಊರ ಮುಂದೆ ಮರ್ಯಾದೆ ಕಳೆಯುವುದಿಲ್ಲ, ಒಂದು ಕಾಗದದ ಮೇಲಿನ ದಾರಿ ಅಷ್ಟೇ. ನಿಧಾನವೆಂದರೆ ನೆಪವಲ್ಲ, ನಿಧಾನವೇ ಇಲ್ಲಿ ಚಿಕಿತ್ಸೆ.

ಆ ದಾರಿ ಹತ್ತಿರದಿಂದ ಹೇಗಿರುತ್ತದೆ ಎಂದು ನೋಡೋಣ. 2025ರಲ್ಲಿ ಅಮೆರಿಕದ ಹಲವು ವೈದ್ಯಕೀಯ ಸಂಸ್ಥೆಗಳು ಸೇರಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೊದಮೊದಲು ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೂರಕ್ಕೆ 5ರಿಂದ 10ರಷ್ಟು ಇಳಿಸಬೇಕು. ಎರಡು ವಾರದಲ್ಲಿ ನೂರಕ್ಕೆ 25ನ್ನು ಸಾಮಾನ್ಯವಾಗಿ ಮೀರಬಾರದು. ದಿನಕ್ಕೆ 1 ಮಿಲಿಗ್ರಾಂ ಅಲ್ಪ್ರಜೋಲಾಮ್ ತಿನ್ನುವವರನ್ನು ತೆಗೆದುಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಚಿಕ್ಕ ಗುಳಿಗೆ 0.25. ಅದನ್ನು ಅರ್ಧ ಮುರಿದರೆ 0.125, ಅಂದರೆ ಇಡೀ ದಿನದ ಪ್ರಮಾಣದ ಎಂಟನೇ ಒಂದು ಪಾಲು. ನೂರಕ್ಕೆ 10ಕ್ಕಿಂತ ತುಸು ಹೆಚ್ಚಾದರೂ ಮೊದಲ ಮೆಟ್ಟಿಲಿಗೆ ಅದು ನಡೆದೀತು. ಆದರೆ ಕೊನೆಗೆ ಉಳಿಯುವ 0.25ರಿಂದ ಅದೇ ಅರ್ಧ ಚೂರು ತೆಗೆದರೆ ಒಮ್ಮೆಗೇ ಅರ್ಧ ಇಳಿಸಿದಂತೆ. ಬಹಳ ಜನ ಎಡವುವುದು ಈ ಕಡೆಯ ಮೆಟ್ಟಿಲಿನಲ್ಲೇ. ಅದಕ್ಕೇ ತಿಳಿದ ವೈದ್ಯರು ಎಷ್ಟೋ ಸಲ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವ ಡಯಾಜೆಪಾಮ್‌ಗೆ ಬದಲಿಸುತ್ತಾರೆ. ಆಷ್ಟನ್ ಲೆಕ್ಕದಲ್ಲಿ 1 ಮಿಲಿಗ್ರಾಂ ಅಲ್ಪ್ರಜೋಲಾಮ್ 20 ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮ. ಅಲ್ಲಿಂದ 1 ಅಥವಾ 2 ಮಿಲಿಗ್ರಾಂನಂತೆ ಇಳಿಯುವುದು ಸುಲಭ. ಈ ಲೆಕ್ಕ ಹೇಳಿದ್ದು ಮನೆಯಲ್ಲಿ ಬ್ಲೇಡು ಹಿಡಿದು ಕೂರಲಿ ಎಂದಲ್ಲ. ಮುಪ್ಪಿನವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ಹಿಂದೆ ಫಿಟ್ಸ್ ಬಂದವರಿಗೆ, ಬಸುರಿಯರಿಗೆ, ಕುಡಿತವೂ ಇರುವವರಿಗೆ ಈ ಲೆಕ್ಕವೇ ಬೇರೆಯಾಗುತ್ತದೆ. "ಒಂದೇ ಏಟು" ಎಂಬ ಮಾತು ಎಷ್ಟು ಒರಟೆಂದು ತೋರಿಸಲು ಹೇಳಿದೆ. ಇಳಿಸುವವರು ಡಾಕ್ಟರ ಕೈಯಲ್ಲಿ ಬರೆಸಿಕೊಂಡ ಪಟ್ಟಿಯನ್ನು ಗೋಡೆಯ ಕ್ಯಾಲೆಂಡರಿಗೆ ಅಂಟಿಸಿ, ದಿನವೂ ತಿಂದದ್ದನ್ನು ಗುರುತು ಹಾಕಬೇಕು. ಒಂದು ಮೆಟ್ಟಿಲಿನಲ್ಲಿ ತೀರಾ ತ್ರಾಸಾದರೆ ಅಲ್ಲೇ ಎರಡು ವಾರ ನಿಲ್ಲುವುದು ಸೋಲಲ್ಲ. ರಾತ್ರಿ ನಿದ್ದೆ ಬಾರದೆಂದು ಗುಳಿಗೆಯ ಬದಲಿಗೆ ಗ್ಲಾಸು ಹಿಡಿಯುವುದು ಮಾತ್ರ ಸಾವಿಗೆ ಕೊಟ್ಟ ಆಹ್ವಾನ.

ಇನ್ನೊಂದು ತಪ್ಪು ತಿಳಿವಳಿಕೆ ಮನೆಯೊಳಗೇ ಇದೆ. ಗುಳಿಗೆ ಇಳಿಸಿದಾಗ ಎದೆಬಡಿತ, ಗಾಬರಿ ಮರಳಿ ಬರುತ್ತದೆ. ಕೂಡಲೇ "ನೋಡು, ಹಳೇ ಬ್ಯಾನಿ ತಿರುಗಿ ಬಂತು" ಎಂದು ಮತ್ತೆ ಪೂರ್ತಿ ಗುಳಿಗೆಗೆ ಹೋಗುತ್ತಾರೆ. ಎಷ್ಟೋ ಸಲ ಅದು ಹಳೆಯ ಬ್ಯಾನೆಯಲ್ಲ, ಗುಳಿಗೆ ಇಳಿಸಿದ್ದಕ್ಕೆ ಮೈ ಕೊಡುವ ಉತ್ತರ. ಮೊದಲು ಎಂದೂ ಇಲ್ಲದ ಕಿವಿಯ ಸದ್ದು, ಬೆಳಕಿನ ಚುಚ್ಚು, ಚರ್ಮದ ಜುಮ್ಮು ಇದ್ದರೆ ಹಾಗೆಂದು ತಿಳಿಯಲು ಬಲವಾದ ಕಾರಣವಿದೆ. ಸಾಮಾನ್ಯವಾಗಿ ದಿನ ಕಳೆದಂತೆ ಇಳಿಯುತ್ತದೆ. ಇನ್ನು ಭ್ರಮೆ ಬಂದರೆ ಗಾಳಿ ಸೋಕಿತೆಂದು ಗುಡಿಗೆ ಒಯ್ಯುವುದು, ಫಿಟ್ಸ್ ಬಂದರೆ ಕೈಗೆ ಕೀಲಿ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು. ಇವುಗಳಿಂದ ಕಾಸಿನ ಉಪಯೋಗವಿಲ್ಲ, ಕಳೆಯುವುದು ಅಮೂಲ್ಯವಾದ ಹೊತ್ತು. ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ಸುತ್ತಲಿನ ಕಲ್ಲು ಕುಡುಗೋಲು ಸರಿಸಿ, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕದೆ 108ಕ್ಕೆ ಫೋನ್ ಮಾಡಿ. ಯಾವ ಗುಳಿಗೆ, ಯಾವತ್ತು ನಿಲ್ಲಿಸಿದರು ಎಂಬುದನ್ನು ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ಹೇಳಿ. ಖಾಲಿ ಹಾಳೆ ಸಿಕ್ಕರೆ ಜೊತೆಗೆ ಒಯ್ಯಿರಿ.

ಅಂಗಡಿ ಮತ್ತು ಚೀಟಿಯ ಕಡೆಗೂ ಬೆರಳು ತೋರಿಸಬೇಕಿದೆ. 2014ರ ಮಾರ್ಚ್ 1ರಿಂದ ಈ ಗುಳಿಗೆಗಳಲ್ಲಿ ಅಲ್ಪ್ರಜೋಲಾಮ್, ಡಯಾಜೆಪಾಮ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಕೊಂಡವರ ಮತ್ತು ಬರೆದ ಡಾಕ್ಟರರ ಹೆಸರನ್ನು ಬೇರೆ ವಹಿಯಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾಯ್ದೆ ಒಳ್ಳೆಯದು. ಆದರೆ ನಡೆಯುವುದು ಹೀಗೆ: ವರ್ಷಗಟ್ಟಲೆ ಖಾಲಿ ಹಾಳೆ ನೋಡಿ ಕೊಟ್ಟ ಅಂಗಡಿಯವರು ತಪಾಸಣೆಯ ಸುದ್ದಿ ಬಂದ ದಿನ "ಸ್ಟಾಕ್ ಇಲ್ರಿ" ಎನ್ನುತ್ತಾರೆ. ಆ ಒಂದು ಮಾತು ಎದುರಿಗೆ ನಿಂತವರ ಪಾಲಿಗೆ ತೆಲಂಗಾಣದ 2015. ಕೊಡುವುದು ತಪ್ಪಾದರೆ ಥಟ್ಟನೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಅಂಗಡಿಯವರು ಆಗ ಹೇಳಬೇಕಾದ್ದು, "ಯವ್ವಾ, ಇದ್ದ ಗುಳಿಗಿ ಮುಗಿಯೂದ್ರಾಗ ದವಾಖಾನಿಗೆ ಹೋಗಿ ಚೀಟಿ ತಗೊಂಡ್ ಬರ್ರಿ, ಒಮ್ಮೆಲೆ ಬಿಡಬ್ಯಾಡ್ರಿ" ಎಂದು. ಬರೆಯುವ ವೈದ್ಯರದ್ದೂ ಪಾಲಿದೆ. ಎರಡು ನಾಲ್ಕು ವಾರ ಮೀರಿ ಈ ಗುಳಿಗೆ ಬೇಡವೆಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಹೇಳಿತ್ತು. ಅಮೆರಿಕದ ಎಫ್‌ಡಿಎ 2020ರಲ್ಲಿ ಈ ಗುಂಪಿನ ಎಲ್ಲ ಔಷಧಗಳ ಮೇಲೂ ಒಗ್ಗುವಿಕೆಯ ಮತ್ತು ಹಠಾತ್ ನಿಲ್ಲಿಸಿದರೆ ಆಗುವ ಅಪಾಯದ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಹದಿನೈದು ದಿನಕ್ಕೆ ಬರೆದ ವೈದ್ಯರು ಹದಿನಾರನೇ ದಿನದ ಬಗ್ಗೆ ಎರಡು ಮಾತು ಹೇಳದಿದ್ದರೆ ಆ ಚೀಟಿ ಅರೆಬರೆ ಚೀಟಿ.

ಬಿಡಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಮುಪ್ಪಿನಲ್ಲಿ ಈ ಗುಳಿಗೆ ರಾತ್ರಿ ಬಚ್ಚಲಿಗೆ ಎದ್ದವರನ್ನು ಕೆಡವಿ ಚಪ್ಪೆ ಮುರಿಸುತ್ತದೆ, ನೆನಪನ್ನು ಮಂಕು ಮಾಡುತ್ತದೆ. ಹೇಗೆ ಬಿಡಬೇಕು ಎಂಬುದರಲ್ಲೇ ಜಗಳ. ದಾರಿ ಕೇಳಲು ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಿಲ್ಲ. ವಿಜಯಪುರದ ಜಿಲ್ಲಾ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಇವೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಏರ್ಪಾಡಿದೆ, ಹಿಂದಿನ ದಿನ ವಿಚಾರಿಸಿಕೊಂಡು ಹೋಗಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಮಠಾಧೀಶರಲ್ಲಿ, ಆರೋಗ್ಯ ಇಲಾಖೆಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನ ಕೋರಿಕೆ ಇದು. ಮುಂದಿನ ಆಗಸ್ಟ್ 1ರಂದು ಜೋಳಿಗೆ ಊರೊಳಗೆ ಬಂದಾಗ ತಂಬಾಕು ಬೀಳಲಿ, ಗುಟ್ಕಾ ಬೀಳಲಿ. ನಿದ್ದೆ ಗುಳಿಗೆಯ ಹಾಳೆ ಹಿಡಿದು ಬಂದವರನ್ನು ಮಾತ್ರ ಅಲ್ಲೇ ನಿಲ್ಲಿಸಿ, "ಇದನ್ನ ಇಲ್ಲಿ ಹಾಕಬ್ಯಾಡ್ರಿ, ನಾಳಿಗೆ ತಪ್ಪದಂಗ ತಗೋರಿ, ಡಾಕ್ಟರ್ ಕಡೆ ಹೋಗೂಣ" ಎಂದು ಹೇಳಿ. ದಿನಾಂಕ ಬರೆಯಲು ಜಾಗ ಬಿಟ್ಟ, ಇಡೀ, ಅರ್ಧ, ಕಾಲು ಗುಳಿಗೆಯ ಚಿತ್ರವಿರುವ ಒಂದು ಕನ್ನಡ ಹಾಳೆಯನ್ನು ಮನೋವೈದ್ಯರ ಕೈಲಿ ತಯಾರು ಮಾಡಿಸಿ, ಅವತ್ತೇ ಗುಳಿಗೆ ತಂದವರ ಕೈಗೆ ಕೊಡಿ.